‘ನಾನು’ ಅನ್ನುವ ಕಡೆ ‘ನೀನು’

ಜೂನ್ ೩

ಮೊಂಡಿಗೆ,

ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಮಾತಾಡುತ್ತೀಯ, ನಾನು ಹೂಂಗುಟ್ಟುತ್ತೇನೆ. ಮೇಲಾಗಿ ಅಂಗಡಿಯಲ್ಲಿ ಅಮ್ಮ ಪಕ್ಕದಲ್ಲೇ ಕೂತಿರುತ್ತಾಳೆ. ಕಾಗದವಾದರೆ ನಡುವೆ ಯಾರೂ ಬಾಯಿ ಹಾಕುವುದಿಲ್ಲ.

ಭಾನುವಾರದ ಪತ್ರಿಕೆಯಲ್ಲಿ ನಿನ್ನ ಅಂಕಣ ಓದಿದೆ. ನನಗಿಂತ ಮೊದಲು ಅಮ್ಮ ಓದಿದ್ದಳು, ಅಮ್ಮನಿಗಿಂತ ಮೊದಲು ಎದುರಿನ ಔಷಧಿ ಅಂಗಡಿಯವರು ಓದಿದ್ದರು. "ನಿಮ್ಮ ತಂಗಿ ಏನ್ ಚೆನ್ನಾಗಿ ಬರೀತಾರ್ರೀ, ಕಣ್ಣಲ್ಲಿ ನೀರು ಬಂತು" ಅಂದರು. ನಾಲ್ಕು ವರ್ಷದಿಂದ ಆ ಮನುಷ್ಯನ ಪ್ಯಾಂಟುಗಳ ಸೊಂಟ ಬಿಡಿಸಿ ಹೊಲಿದು ಕೊಡುತ್ತಿದ್ದೇನೆ. ಒಂದು ದಿನವೂ ಅವರ ಕಣ್ಣಲ್ಲಿ ನೀರು ಬಂದದ್ದಿಲ್ಲ.

ಅಮ್ಮ ನನ್ನ ಬಟ್ಟೆ ಕತ್ತರಿಯಲ್ಲೇ ನಿನ್ನ ಅಂಕಣ ಕತ್ತರಿಸಿದ್ದಾಳೆ. ಕಾಗದ ಕತ್ತರಿಸಿದರೆ ಅದರ ಬಾಯಿ ಹೋಗುತ್ತದೆ ಅಂತ ಸಾವಿರ ಸಲ ಹೇಳಿದ್ದೇನೆ. ಕತ್ತರಿಸಿದ್ದನ್ನು ಟ್ರಯಲ್ ರೂಮಿನ ಕನ್ನಡಿಯ ಪಕ್ಕ ಗುಂಡುಪಿನ್ನಿನಲ್ಲಿ ಚುಚ್ಚಿದ್ದಾಳೆ. ಈಗ ಬಟ್ಟೆ ಹಾಕಿ ನೋಡಲು ಒಳಗೆ ಹೋದವರು ಬೇಗ ಹೊರಗೆ ಬರುವುದೇ ಇಲ್ಲ. ಬಂದವರು ತೋಳು ಉದ್ದವಾಯಿತೋ ಗಿಡ್ಡವಾಯಿತೋ ಹೇಳುವುದು ಬಿಟ್ಟು ನಿನ್ನ ಸುದ್ದಿ ಎತ್ತುತ್ತಾರೆ.

ನಿನ್ನ ಅಂಕಣದಲ್ಲಿ, ಶಾಲೆ ಬಿಟ್ಟ ಮೇಲೆ ಬಸ್ಸು ತಪ್ಪಿಸಿಕೊಂಡ ಪುಟ್ಟ ಹುಡುಗಿ, ದಾರಿ ಗೊತ್ತಿಲ್ಲದಿದ್ದರೂ, ಒಂದು ನಿಲ್ದಾಣದಿಂದ ಇನ್ನೊಂದನ್ನು ಹುಡುಕುತ್ತ ಹನ್ನೊಂದು ನಿಲ್ದಾಣ ನಡೆದು ಮನೆ ಸೇರುತ್ತಾಳೆ. ‘ಇಡೀ ದಾರಿ ಗೊತ್ತಿರಬೇಕಾಗಿಲ್ಲ, ಮುಂದಿನ ನಿಲ್ದಾಣ ಕಂಡರೆ ಸಾಕು, ಬೆಳೆಯುವುದೆಂದರೆ ಇಷ್ಟೇ ಎಂದು ನಾನು ಆ ದಿನ ಕಲಿತೆ’ ಅಂತ ಮುಗಿಸಿದ್ದೀಯ. ಚೆನ್ನಾಗಿದೆ. ಚೆನ್ನಾಗಿಲ್ಲ ಅಂತ ಯಾರು ಹೇಳುತ್ತಾರೆ?

ಒಂದು ಸಣ್ಣ ಪ್ರಶ್ನೆ. ಆ ದಿನ ಹೆಗಲ ಮೇಲಿದ್ದ ಚೀಲದ ಬಣ್ಣ ಯಾವುದು? ಸುಮ್ಮನೆ ಕೇಳಿದೆ.

ಇಲ್ಲಿ ಎಲ್ಲರೂ ಸೌಖ್ಯ,
ಅಕ್ಕ


ಜೂನ್ ೧೧

ಅಕ್ಕಾ,

ನಿನ್ನ ಕಾಗದ ನೋಡಿ ನಮ್ಮ ಕಚೇರಿಯವರೆಲ್ಲ ಬೆರಗಾದರು. ಕೈಬರಹದ ಲಕೋಟೆ ಬಂದು ಎಷ್ಟು ಕಾಲವಾಯಿತೋ. ನಿನ್ನ ಅಕ್ಷರ ಇನ್ನೂ ಹಾಗೇ ಇದೆ, ಒಂದಕ್ಕೊಂದು ಅಂಟಿಕೊಂಡು ಹೊಲಿಗೆಯ ಸಾಲಿನ ಹಾಗೆ.

ಚೀಲ ಕಂದು ಬಣ್ಣದ್ದು. ಎಡಗಡೆಯ ಬಕಲು ಮುರಿದಿತ್ತು, ಅದಕ್ಕೆ ಬೂಟಿನ ದಾರ ಕಟ್ಟಿದ್ದೆ. ನಡೆಯುವಾಗ ಬೆನ್ನಿಗೆ ಟಿಫಿನ್ ಡಬ್ಬಿ ಬಡಿಯುತ್ತಿತ್ತು. ಇಷ್ಟು ವರ್ಷವಾದರೂ ಎಲ್ಲ ನಿನ್ನೆ ಮೊನ್ನೆ ನಡೆದ ಹಾಗಿದೆ. ಬರೆಯುವವರಿಗೆ ನೆನಪೇ ಬಂಡವಾಳ ಅಂತ ನಮ್ಮ ಸಂಪಾದಕರು ಹೇಳುತ್ತಿರುತ್ತಾರೆ.

ಈಗ ಒಳ್ಳೆಯ ಸುದ್ದಿ. ಅಂಕಣಗಳೆಲ್ಲ ಪುಸ್ತಕವಾಗುತ್ತಿವೆ. ಹೆಸರು ‘ಹನ್ನೊಂದು ನಿಲ್ದಾಣ’, ಮೊದಲ ಅಧ್ಯಾಯವೂ ಅದೇ. ಪ್ರಕಾಶಕರು ಓದಿದ ಕೂಡಲೇ ಹೆಸರು ಬೇರೆ ಬೇಡ ಅಂದುಬಿಟ್ಟರು. ನವೆಂಬರಿಗೆ ಬರುತ್ತದೆ. ನಿನ್ನನ್ನೂ ಮರೆತಿಲ್ಲ. ‘ನನ್ನ ಬಟ್ಟೆಗಳನ್ನು ಪ್ರೀತಿಯಿಂದ ಹೊಲಿದುಕೊಟ್ಟ ಅಕ್ಕನಿಗೆ’ ಅಂತ ಕೃತಜ್ಞತೆಯ ಪುಟದಲ್ಲಿ ಹಾಕಿದ್ದೇನೆ.

ನಿನಗೊಂದು ಡೈರಿ ಕಳಿಸುತ್ತಿದ್ದೇನೆ. ದಿನಕ್ಕೆ ಅರ್ಧ ಪುಟ ಬರೆ. ಹೊರಗಿನಿಂದ ನೋಡಿದರೆ ಸಪ್ಪೆ ಅನ್ನಿಸುವ ಬದುಕಿನಲ್ಲೂ ಹುಡುಕಿದರೆ ಒಂದಾದರೂ ಕಥೆ ಸಿಗುತ್ತದೆ. ನಿಜವಾಗಿ ಹೇಳುತ್ತಿದ್ದೇನೆ.

ಅಮ್ಮನಿಗೆ ಒಂದು ಮುತ್ತು,
ನಿನ್ನ ಮೊಂಡಿ


ಜೂನ್ ೧೯

ಮೊಂಡಿ,

ಡೈರಿ ಬಂತು. ಅಳತೆ ಬರೆದುಕೊಳ್ಳಲು ಇಟ್ಟುಕೊಂಡಿದ್ದೇನೆ.

ಚೀಲ ಕಂದು ಬಣ್ಣದ್ದೇ. ಎಡಗಡೆಯ ಬಕಲು ಮುರಿದದ್ದೂ ನಿಜ. ಅದಕ್ಕೆ ಬೂಟಿನ ದಾರ ಕಟ್ಟಿದವಳು ನಾನು. ಚೀಲ ನನ್ನದು, ಬೆನ್ನು ನನ್ನದು, ಹನ್ನೊಂದು ನಿಲ್ದಾಣ ನಡೆದ ಕಾಲುಗಳೂ ನನ್ನವೇ.

ನಿನಗೆ ಆಗ ಐದು ವರ್ಷ. ಸೊಂಟದ ಮೂಳೆಗೆ ಕಾಯಿಲೆ ಬಂದು, ಸೊಂಟದಿಂದ ಎಡಪಾದದವರೆಗೆ ಪ್ಲಾಸ್ಟರ್ ಹಾಕಿ ಹತ್ತು ತಿಂಗಳು ಕಿಟಕಿಯ ಪಕ್ಕದ ಮಂಚದ ಮೇಲೆ ಮಲಗಿಸಿದ್ದರು. ನನಗೆ ಒಂಬತ್ತು. ದಿನಾ ಶಾಲೆಯಿಂದ ಬಂದ ಕೂಡಲೇ ನಿನ್ನ ಪಕ್ಕ ಕೂತು ಆ ದಿನ ಏನಾಯಿತೆಂದು ಹೇಳಬೇಕಿತ್ತು. ನಾನು ‘ಇವತ್ತು ನಾನು ಗೋಡೆ ಹತ್ತಿದೆ’ ಅಂದರೆ ನೀನು ಮುಖ ಆ ಕಡೆ ತಿರುಗಿಸಿ ಅಳುತ್ತಿದ್ದೆ. "ಅವಳಿಗೆ ಹೋಗಕ್ಕಾಗಲ್ಲ ಅಂತ ಗೊತ್ತಿದ್ದೂ ಯಾಕೆ ಉರಿಸ್ತೀಯ?" ಅಂತ ಅಮ್ಮ ನನ್ನ ಮೇಲೆ ಹರಿಹಾಯುತ್ತಿದ್ದಳು. ಅದಕ್ಕೆ ನಾನು ಒಂದು ಉಪಾಯ ಮಾಡಿದೆ. ‘ನಾನು’ ಅನ್ನುವ ಕಡೆಯೆಲ್ಲ ‘ನೀನು’ ಅನ್ನತೊಡಗಿದೆ. ‘ಇವತ್ತು ನೀನು ಗೋಡೆ ಹತ್ತಿದೆ. ನೀನು ಮೇಷ್ಟ್ರಿಗೆ ಎದುರುತ್ತರ ಕೊಟ್ಟೆ. ನೀನು ಬಸ್ಸು ತಪ್ಪಿಸಿಕೊಂಡೆ, ಆದರೂ ಅಳಲಿಲ್ಲ.’ ನೀನು ಕಣ್ಣು ಅರಳಿಸಿ "ಆಮೇಲೆ ನಾನೇನ್ ಮಾಡ್ದೆ?" ಅಂತ ಕೇಳುತ್ತಿದ್ದೆ. ಹತ್ತು ತಿಂಗಳು ನನ್ನ ದಿನಗಳನ್ನೆಲ್ಲ ಹೀಗೆ ನಿನ್ನ ಬಾಯಿಗೆ ತುತ್ತು ಮಾಡಿ ಇಟ್ಟೆ. ನೀನು ಅವನ್ನು ನುಂಗಿ, ಅರಗಿಸಿಕೊಂಡು, ಈಗ ನಿನ್ನ ಹೆಸರಿನಲ್ಲಿ ಅಚ್ಚು ಹಾಕಿಸುತ್ತಿದ್ದೀಯ.

ಅಮ್ಮನನ್ನು ಕೇಳಿದೆ.

"ಅಮ್ಮಾ, ಬಸ್ ತಪ್ಪಿ ನಡ್ಕೊಂಡು ಬಂದಿದ್ದು ಯಾರು?"

"ಚಿಕ್ಕೋಳು. ಪೇಪರಲ್ಲೇ ಹಾಕಿದಾರಲ್ಲ."

"ನಾನಮ್ಮ ಅದು."

"ನೀನಾ? ನೀನು ಪಾಪದೋಳು, ಅಷ್ಟು ಗಟ್ಟಿಗಿತ್ತಿ ಎಲ್ಲಿದ್ದೆ. ಅವಳು ಹುಟ್ಟಾ ಮೊಂಡಿ." ಹೀಗಂದು ಕಾಜಾ ಹೊಲಿಯುವ ಸೂಜಿಗೆ ದಾರ ಪೋಣಿಸುತ್ತ ಕೂತಳು. ಅಡುಗೆಮನೆಯಿಂದ ಅವಳೂ ಆ ಹತ್ತು ತಿಂಗಳು ‘ನೀನು ನೀನು’ ಅನ್ನುವುದನ್ನೇ ಕೇಳಿಸಿಕೊಂಡಿದ್ದಾಳೆ. ಅಪ್ಪ ಇದ್ದಿದ್ದರೆ ನನ್ನ ಪರ ಸಾಕ್ಷಿ ಹೇಳುತ್ತಿದ್ದರೋ ಏನೋ.

ಆ ಅಧ್ಯಾಯವನ್ನು ತೆಗೆದುಹಾಕು. ಇಲ್ಲದಿದ್ದರೆ ನಿಮ್ಮ ಸಂಪಾದಕರಿಗೆ ನಾನೇ ಬರೆಯುತ್ತೇನೆ.

ಅಕ್ಕ


ಜುಲೈ ೨

ಅಕ್ಕಾ,

ಹತ್ತು ದಿನ ಸುಮ್ಮನಿದ್ದೆ. ಕೋಪದಲ್ಲಿ ಬರೆಯಬಾರದು ಅಂತ. ಕೋಪ ಇಳಿದಿಲ್ಲ, ಆದ್ದರಿಂದ ಹಾಗೇ ಬರೆಯುತ್ತೇನೆ.

ನನ್ನ ಹಿಮ್ಮಡಿಗೆ ಬೂಟು ಕಚ್ಚಿದ್ದು ನನಗೆ ನೆನಪಿದೆ. ಐದನೆಯ ನಿಲ್ದಾಣದ ಹತ್ತಿರ ಹೊಸದಾಗಿ ಟಾರು ಹಾಕಿದ ವಾಸನೆ ನೆನಪಿದೆ. ಕೇಳಿದ ಕಥೆಗೆ ವಾಸನೆ ಇರುತ್ತದೆಯೆ? ನೋವು ಇರುತ್ತದೆಯೆ? ನೀನು ಕೂಡ ಯಾವತ್ತೋ ನಡೆದಿರಬಹುದು. ಅಷ್ಟಕ್ಕೇ ನಾನು ನಡೆದದ್ದು ಸುಳ್ಳಾಗುತ್ತದೆಯೆ?

ನಿಜ ವಿಷಯ ಬೇರೆ. ನಿನಗೆ ಹೊಟ್ಟೆಕಿಚ್ಚು. ಇವತ್ತಿನದಲ್ಲ. ಕಾಲೇಜಿನಲ್ಲಿ ಪ್ರಬಂಧಕ್ಕೆ ಬಹುಮಾನ ತಂದ ದಿನ ಮನೆಯವರೆಲ್ಲ ಕೈಗೆ ತಗೊಂಡು ನೋಡಿದರು. ನೀನು ಬಹುಮಾನ ನೋಡದೆ ನನ್ನ ಲಂಗ ನೋಡಿ, "ಅಂಚು ಒಂದ್ ಕಡೆ ಇಳಿದಿದೆ, ಬಿಚ್ಚಿಕೊಡು ಹೊಲೀತೀನಿ" ಅಂದೆ. ನಾನು ಅಷ್ಟು ದೂರ ವೇದಿಕೆ ಮೇಲೆ ಆ ಅಂಚಿನಲ್ಲೇ ನಡೆದೆನಲ್ಲ ಅಂತ ನಾಚಿಕೆಯಾಗಿ ಬಹುಮಾನದ ಸಂತೋಷವೇ ಹೋಯಿತು. ಕೆಲಸ ಸಿಕ್ಕಾಗ ನೀನು ಕೇಳಿದ್ದು, "ಅಲ್ಲಿ ಬಟ್ಟೆ ಯಾರು ಒಗೀತಾರೆ?" ಅಷ್ಟೇ.

ಈಗ ನನಗೆ ಒಂದು ಹೆಸರು ಬರುತ್ತಿದೆ. ಅದನ್ನೂ ಬಿಚ್ಚಿ ನೋಡಬೇಕು ನಿನಗೆ. ಸಂಪಾದಕರಿಗೆ ಬರೆಯುವುದಿದ್ದರೆ ಬರೆ. ವಿಳಾಸ ಪತ್ರಿಕೆಯಲ್ಲೇ ಇದೆ.

ಇಂತಿ ಪ್ರೀತಿಯ ಅಂತ ಬರೆಯಲು ಈ ಸಲ ಆಗುತ್ತಿಲ್ಲ,
ತಂಗಿ


ಜುಲೈ ೭

ತಂಗೀ,

ಹೌದು, ಹೊಟ್ಟೆಕಿಚ್ಚು. ನೀನು ಹೇಳಿದ್ದರಲ್ಲಿ ತಪ್ಪಿಲ್ಲ. ನಿನ್ನ ಕಾಯಿಲೆಯ ಮೇಲೂ ನನಗೆ ಹೊಟ್ಟೆಕಿಚ್ಚಿತ್ತು. ನಿನ್ನ ಪ್ಲಾಸ್ಟರಿನ ಮೇಲೆ ಬಂದವರೆಲ್ಲ ಹೂವು, ಮೊಲ, ಚಂದ್ರ ಬರೆದು ಹೋಗುತ್ತಿದ್ದರು. ನಾನು ನನ್ನ ಕಾಲಿನ ಮೇಲೆ ಪೆನ್ನಿನಲ್ಲಿ ಮೊಲ ಬರೆದುಕೊಂಡರೆ ತಿಕ್ಕಿ ತೊಳೆಸಿದರು.

ಈ ಲಕೋಟೆಯಲ್ಲಿ ಇನ್ನೊಂದು ಕಾಗದ ಇಟ್ಟಿದ್ದೇನೆ. ನಿನ್ನ ಒಂದನೆಯ ತರಗತಿಯ ಅಂಕಪಟ್ಟಿ. ಅಂಕ ನೋಡಬೇಡ, ಅವೇನೂ ಹೇಳಿಕೊಳ್ಳುವ ಹಾಗಿಲ್ಲ. ಮೇಲ್ಗಡೆ ಅಪ್ಪನ ಕೈಬರಹದಲ್ಲಿ ಮನೆಯ ವಿಳಾಸ ಇದೆ, ಅದನ್ನು ಓದು. ಶಾಲೆಯ ಹಿಂದಿನ ಓಣಿ. ನೀನು ನಡೆಯಲು ಶುರು ಮಾಡಿದ ಮೇಲೆ, ನಿನ್ನ ಕಾಲಿಗೆ ಆಯಾಸ ಆಗಬಾರದೆಂದು ಮನೆಯನ್ನೇ ಶಾಲೆಯ ಬೆನ್ನಿಗೆ ತಂದರು. ನನ್ನ ಗೆಳತಿಯರೆಲ್ಲ ಹಳೆಯ ಬೀದಿಯಲ್ಲೇ ಉಳಿದರು. ನೀನು ಶಾಲೆಗೆ ಸೇರಿದ್ದೇ ಆ ಮೇಲೆ. ಆ ಶಾಲೆಯಿಂದ ಮನೆಗೆ ನೀನು ಒಂದು ದಿನವೂ ಬಸ್ಸು ಹತ್ತಿಲ್ಲ. ಹತ್ತದ ಬಸ್ಸು ತಪ್ಪುವುದು ಹೇಗೆ?

ಸಂಪಾದಕರಿಗೆ ಬರೆದಿದ್ದೇನೆ. ಎರಡು ಪುಟ. ಲಕೋಟೆ ಅಂಟಿಸಿ ಮಷೀನಿನ ಡ್ರಾಯರಿನಲ್ಲಿ ಬಾಬಿನ್ನುಗಳ ಜೊತೆ ಇಟ್ಟಿದ್ದೇನೆ. ದಿನಾ ತೆಗೆದು ನೋಡುತ್ತೇನೆ.

ಅಕ್ಕ


ಆಗಸ್ಟ್ ೨೧

ಅಕ್ಕಾ,

ಆರು ವಾರದಿಂದ ನಿನ್ನ ಕಾಗದ ನನ್ನ ಮೇಜಿನ ಮೇಲಿದೆ. ಅಮ್ಮ ಫೋನು ಮಾಡಿದಾಗಲೆಲ್ಲ ಮೈ ಹುಷಾರಿಲ್ಲ ಅಂದೆ. ಅದು ಪೂರ್ತಿ ಸುಳ್ಳಲ್ಲ.

ಅಂಕಪಟ್ಟಿ ನೋಡಿದ ಮೇಲೂ ಮೂರು ದಿನ ವಾದ ಮಾಡುತ್ತಿದ್ದೆ, ಒಬ್ಬಳೇ, ಸ್ನಾನದ ಮನೆಯಲ್ಲಿ. ಆಮೇಲೆ ಪುಸ್ತಕದ ಕರಡು ತಿದ್ದುತ್ತ ಆ ಹನ್ನೊಂದು ನಿಲ್ದಾಣಗಳನ್ನು ಎಣಿಸಿದೆ. ಕುರ್ಚಿಯ ಮೇಲೆ ಕಾಲು ಮಡಚಿ ಕೂತಿದ್ದೆ. ಕೈ ತಾನಾಗಿ ಕಾಲಿನ ಬೆರಳುಗಳ ಮೇಲೆ ಓಡಿತು. ಒಂದು, ಎರಡು, ಮೂರು. ಹತ್ತು ಬೆರಳು ಮುಗಿದವು. ಹನ್ನೊಂದಕ್ಕೆ ಕೈ ಮೂಗಿಗೆ ಹೋಗಿ ಮೂಗು ಹಿಂಡಿತು. ನಾನು ಯಾವಾಗಲೂ ಹಾಗೇ ಎಣಿಸುವುದು, ಯಾಕೆಂದು ಯೋಚಿಸಿದ್ದೇ ಇಲ್ಲ. ರಸ್ತೆಯಲ್ಲಿ ನಡೆದವಳು ನಿಲ್ದಾಣವನ್ನು ಕಾಲಿನ ಬೆರಳಿನ ಮೇಲೆ ಎಣಿಸುತ್ತಾಳೆಯೆ? ಯಾರೋ ಪಕ್ಕದಲ್ಲಿ ಕೂತು ಎಣಿಸಿರಬೇಕು.

ಆವತ್ತೇ ನಲವತ್ತೆರಡು ಅಂಕಣಗಳನ್ನೂ ಹರಡಿಕೊಂಡು ಕೆಂಪು ಪೆನ್ನು ಹಿಡಿದು ಕೂತೆ. ಗೋಡೆ ಹತ್ತಿದ್ದು, ಮೇಷ್ಟ್ರಿಗೆ ಎದುರುತ್ತರ ಕೊಟ್ಟದ್ದು, ನಾಯಿಗೆ ಹೆದರದೆ ನಿಂತದ್ದು. ಎಲ್ಲದರ ಮುಂದೆಯೂ ಪ್ರಶ್ನೆಚಿಹ್ನೆ ಹಾಕಬೇಕಾಯಿತು. ಹೇಗೆ ಬೆಳೆದೆ, ಹೇಗೆ ನನ್ನನ್ನು ನಾನು ಕಂಡುಕೊಂಡೆ ಅಂತ ವಾರವಾರ ಊರಿಗೆಲ್ಲ ಹೇಳುತ್ತಿದ್ದವಳು ನಾನು. ಈಗ ನೋಡಿದರೆ ಕಂಡುಕೊಂಡದ್ದು ನಿನ್ನನ್ನು. ಪುಸ್ತಕ ಸದ್ಯಕ್ಕೆ ಬೇಡ ಅಂತ ಪ್ರಕಾಶಕರಿಗೆ ಹೇಳಿದ್ದೇನೆ. ಕಾರಣ ಹೇಳಿಲ್ಲ.

ಇನ್ನೊಂದು ಮಾತು. ನಿನಗೆ ನನ್ನ ಪ್ಲಾಸ್ಟರಿನ ಮೇಲೆ ಹೊಟ್ಟೆಕಿಚ್ಚು ಅಂದೆ. ನನಗೆ ನಿನ್ನ ಮೊಣಕಾಲಿನ ಗಾಯಗಳ ಮೇಲೆ ಇತ್ತು. ನೀನು ದಿನಾ ಎಲ್ಲಾದರೂ ಬಿದ್ದು ತರಚಿಕೊಂಡು ಬರುತ್ತಿದ್ದೆ. ಬೀಳಲಿಕ್ಕೂ ಅದೃಷ್ಟ ಬೇಕು ಅನ್ನಿಸುತ್ತಿತ್ತು.

ಎರಡು ಕೇಳುತ್ತೇನೆ. ಆ ದಿನ ನಿಜವಾಗಿ ಹೇಗಿತ್ತು, ‘ನಾನು’ ಅಂತಲೇ ಬರೆದು ಹೇಳು. ಮತ್ತೆ, ನನ್ನದೇ ಆದದ್ದು ಯಾವುದಾದರೂ ಒಂದು ನಿನಗೆ ಗೊತ್ತಿದ್ದರೆ ಕಳಿಸು. ಒಂದೇ ಸಾಕು.

ಡ್ರಾಯರಿನಲ್ಲಿರುವ ಕಾಗದವನ್ನು ನೀನು ಅಂಚೆಗೆ ಹಾಕಿದರೂ ನನ್ನ ತಕರಾರಿಲ್ಲ,
ಮೊಂಡಿ


ಸೆಪ್ಟೆಂಬರ್ ೪

ಮೊಂಡಿ,

ಮೂಗು ಹಿಂಡುತ್ತಿದ್ದವಳು ನಾನೇ. ಹನ್ನೊಂದನೆಯ ಬೆರಳಿಗೆ ಎಲ್ಲಿಗೆ ಹೋಗಲಿ?

ನಿನ್ನ ಕಾಗದ ಓದಿ ನನಗೆ ಗೆದ್ದ ಹಾಗೆ ಅನ್ನಿಸಬೇಕಿತ್ತು. ಮೊದಲು ಅನ್ನಿಸಿತು ಕೂಡ. ಒಬ್ಬರ ರವಿಕೆಯ ತೋಳು ಹೊಲಿದು ಮುಗಿಸುವಷ್ಟು ಹೊತ್ತು ಇತ್ತು. ಆಮೇಲೆ ‘ನಾನು ಅಂತಲೇ ಬರೆ’ ಅಂದಿದ್ದೀಯಲ್ಲ, ಅಲ್ಲಿ ಸಿಕ್ಕಿಬಿದ್ದೆ. ಹತ್ತು ದಿನ ಬರೆಯಲು ಆಗಲಿಲ್ಲ. ಯಾಕೆಂದರೆ ನಾನು ನಿನಗೆ ಹೇಳಿದ್ದರಲ್ಲಿ ‘ನಾನು’ ಒಂದನ್ನೇ ಅಲ್ಲ, ಬೇರೆಯದನ್ನೂ ಬದಲಾಯಿಸಿದ್ದೆ.

ಬಸ್ಸು ತಪ್ಪಲಿಲ್ಲ. ಬಸ್ಸು ಬಂತು, ನಾನು ಹತ್ತಲಿಲ್ಲ. ಬೇಕೆಂದೇ ಗೇಟಿನ ಹಿಂದೆ ನಿಂತೆ. ಮನೆಗೆ ಬರಲಿಲ್ಲ ಅಂತ ಅಪ್ಪನೋ ಅಮ್ಮನೋ ಗಾಬರಿಯಾಗಿ ಹುಡುಕಿಕೊಂಡು ಬರಲಿ, ಒಂದು ದಿನವಾದರೂ ನನಗೋಸ್ಕರ ಓಡಲಿ ಅಂತ. ಅವರು ಆವತ್ತು ನಿನ್ನ ಪ್ಲಾಸ್ಟರ್ ಬದಲಾಯಿಸಲು ಆಸ್ಪತ್ರೆಗೆ ಹೋಗಿದ್ದರು. ಕಾವಲುಗಾರ ಗೇಟಿಗೆ ಬೀಗ ಹಾಕಲು ಬಂದು "ಇನ್ನೂ ಯಾಕಮ್ಮ ನಿಂತಿದ್ದೀಯ?" ಅಂದ. ಆಗ ನಡೆದೆ. ನಿಲ್ದಾಣದಿಂದ ನಿಲ್ದಾಣಕ್ಕೆ ನಡೆದದ್ದು ದಾರಿ ಹುಡುಕಲಿಕ್ಕಲ್ಲ, ದಾರಿ ನನಗೆ ಬಾಯಿಪಾಠವಾಗಿತ್ತು. ಪ್ರತಿ ನಿಲ್ದಾಣದಲ್ಲೂ ಬೆಂಚಿನ ಮೇಲೆ ಕೂತು ಕಾದೆ. ಹುಡುಕುತ್ತ ಬರುವವರು ಬಸ್ಸಿನಲ್ಲಿ ತಾನೆ ಬರುವುದು, ಇಳಿದ ಕೂಡಲೇ ನಾನು ಕಾಣಬೇಕಲ್ಲ. ಹನ್ನೊಂದು ಕಡೆ ಕೂತೆ. ಐದರ ಹತ್ತಿರ ಟಾರು ವಾಸನೆ ಇತ್ತು, ಅದು ನಿಜ. ಏಳರಲ್ಲಿ ಅತ್ತೆ. ಅತ್ತದ್ದನ್ನು ನಿನಗೆ ಹೇಳಲಿಲ್ಲ.

ಮನೆಗೆ ಬಂದರೆ ಬಾಗಿಲಿಗೆ ಬೀಗ. ಸ್ವಲ್ಪ ಹೊತ್ತಿಗೆ ನಿನ್ನನ್ನು ಎತ್ತಿಕೊಂಡು ಬಂದರು. ಅಮ್ಮ ನನ್ನ ಮುಖ ನೋಡದೆ, "ಬಾಗಿಲು ಹಿಡ್ಕೋ, ಕಾಲು ತಾಗತ್ತೆ" ಅಂದಳು. ಹಿಡಿದುಕೊಂಡೆ. ನಾನು ತಡವಾಗಿ ಬಂದದ್ದು ಇವತ್ತಿನವರೆಗೂ ಯಾರಿಗೂ ಗೊತ್ತಿಲ್ಲ.

ಸಂಜೆ ನೀನು "ಇವತ್ತು ನಾನೇನ್ ಮಾಡ್ದೆ?" ಅಂತ ಕೇಳಿದೆ. ಅಳದ, ಯಾರನ್ನೂ ಕಾಯದ ಒಬ್ಬ ಹುಡುಗಿಯ ಕಥೆ ಹೇಳಿದೆ. ಅವಳು ನಾನೂ ಅಲ್ಲ, ನೀನೂ ಅಲ್ಲ. ನನಗೆ ಬೇಕಾಗಿದ್ದವಳು. ನನ್ನದು ಅಂತ ಇಷ್ಟು ದಿನ ಜಗಳ ಆಡಿದೆನಲ್ಲ, ನನ್ನದಾಗಿದ್ದದ್ದು ಆ ಬೆಂಚುಗಳು ಮಾತ್ರ. ಅವನ್ನು ಬರೆಯಬೇಡ. ಆ ಗಟ್ಟಿಗಿತ್ತಿಯನ್ನು ಬೇಕಾದರೆ ಇಟ್ಟುಕೊ, ನಿನಗೆ ಕೊಟ್ಟಾಗಿದೆ.

ಇನ್ನು ನಿನ್ನದು ಒಂದು. ಇದನ್ನು ಹೇಳದೆ ಇರಬಹುದಿತ್ತು.

ಪ್ಲಾಸ್ಟರ್ ತೆಗೆದು ಒಂದು ತಿಂಗಳ ಮೇಲೆ, ಆಸ್ಪತ್ರೆಯ ವ್ಯಾಯಾಮದ ಕೋಣೆ. ಆವತ್ತು ನನ್ನ ಶಾಲೆಯ ವಾರ್ಷಿಕೋತ್ಸವ, ನಾನು ಹಾಡಬೇಕಿತ್ತು. ನೀನು ನಡೆಯಬಹುದು ಅಂತ ಡಾಕ್ಟರು ಹೇಳಿದ್ದಕ್ಕೆ ಎಲ್ಲರೂ ಅಲ್ಲಿಗೆ ಹೋದೆವು. ನರ್ಸು ನನ್ನನ್ನು ನಿನ್ನಿಂದ ಎರಡು ಹೆಜ್ಜೆ ಆಚೆ ನಿಲ್ಲಿಸಿ, "ಅಕ್ಕನ ಹತ್ರ ಹೋಗು ಪುಟ್ಟಾ" ಅಂದಳು. ನೀನು ಆಸರೆಗೆ ಹಿಡಿದಿದ್ದ ಕಂಬಿ ಬಿಟ್ಟು ಒಂದು ಹೆಜ್ಜೆ ಇಟ್ಟೆ. ಕೈ ಚಾಚಿದೆ. ನಾನು ಚಾಚಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದೆ. ನೀನು ಇನ್ನೊಂದು ಇಟ್ಟೆ, ನಾನು ಇನ್ನೊಂದು ಸರಿದೆ. ಬೀಳಲಿ ಅಂತಲೇ ಸರಿದದ್ದು. ನೀನು ಬೀಳಲಿಲ್ಲ, ಏಳು ಹೆಜ್ಜೆ ನಡೆದೆ. ಕೋಣೆಯವರೆಲ್ಲ ಚಪ್ಪಾಳೆ ತಟ್ಟಿದರು. "ಎಂಥ ಜಾಣೆ ಅಕ್ಕ, ಆಟ ಆಡಿಸ್ತಾ ನಡೆಸಿಬಿಟ್ಟಳು" ಅಂದಳು ನರ್ಸು. ಅಮ್ಮ ಅದನ್ನು ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾಳೆ. ನಾನು ಪ್ರತಿ ಸಲವೂ ತಲೆ ಬಗ್ಗಿಸಿ ಮಷೀನು ತುಳಿಯುತ್ತೇನೆ.

ಹೆಜ್ಜೆ ನಿನ್ನದು. ಬರೆಯುವುದಾದರೆ ನಾನು ಸರಿದದ್ದನ್ನೂ ಇದ್ದ ಹಾಗೇ ಬರೆ.

ಸಂಪಾದಕರ ಕಾಗದವನ್ನು ಹರಿದಿದ್ದೇನೆ.

ಕ್ಷಮಿಸು ಅಂತ ಬರೆದು ಎರಡು ಸಲ ಹೊಡೆದುಹಾಕಿದೆ, ಹಾಗೇ ಇರಲಿ,
ಅಕ್ಕ


ಸೆಪ್ಟೆಂಬರ್ ೧೨

ಅಕ್ಕಾ,

ಬೆಂಚುಗಳನ್ನು ಬರೆಯುವುದಿಲ್ಲ. ಆ ಗಟ್ಟಿಗಿತ್ತಿಯೂ ನನಗೆ ಬೇಡ. ಪ್ರಕಾಶಕರಿಗೆ ಮೊದಲ ಅಧ್ಯಾಯ ಇಲ್ಲ, ಹೆಸರೂ ಇಲ್ಲ ಅಂದೆ. ಅವರು ತಲೆ ಮೇಲೆ ಕೈ ಹೊತ್ತು ಕೂತಿದ್ದಾರೆ. ಕೂತಿರಲಿ.

ವ್ಯಾಯಾಮದ ಕೋಣೆಯ ಕಥೆಯನ್ನು ಅಮ್ಮನ ಬಾಯಲ್ಲಿ ನೂರು ಸಲ ಕೇಳಿದ್ದೇನೆ. ಅಮ್ಮನ ಕಥೆಯಲ್ಲಿ ನೀನು ನಗುತ್ತಾ ಹಿಂದೆ ಹಿಂದೆ ಹೋಗುತ್ತೀಯ. ನನ್ನ ನೆನಪಿನಲ್ಲಿ ನೀನು ನಗುತ್ತಿಲ್ಲ. ಹಲ್ಲು ಕಚ್ಚಿಕೊಂಡಿದ್ದೀಯ, ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡಿದ್ದೀಯ. ಅಮ್ಮ ಹೇಳಿದ್ದೇ ಸರಿ ಇರಬೇಕು, ನನ್ನದೇ ಏನೋ ತಪ್ಪು ಅಂತ ಇಷ್ಟು ವರ್ಷ ಅದನ್ನು ಯಾರಿಗೂ ಹೇಳಿರಲಿಲ್ಲ. ಆ ಹಲ್ಲು, ಆ ಕೈ ನಿನ್ನ ಕಾಗದದಲ್ಲೂ ಇಲ್ಲ, ನನಗೂ ಯಾರೂ ಅವನ್ನು ಹೇಳಿರಲಿಲ್ಲ. ಹಾಗಾದರೆ ಇದು ನಾನೇ ನೋಡಿದ್ದು. ಪೂರ್ತಿ ನನ್ನದು.

ಆಟ ಅಲ್ಲ ಅಂತ ನನಗೆ ಆಗಲೇ ಗೊತ್ತಿತ್ತು ಅಕ್ಕಾ. ನಿನಗೆ ನಾನು ಬೇಡವಾಗಿದ್ದೆ, ಅದು ಮುಖದಲ್ಲಿ ಕಾಣುತ್ತಿತ್ತು. ಅದಕ್ಕೇ ನಡೆದೆ. ಕೈಗೆ ಸಿಕ್ಕರೆ ಕಚ್ಚಿಬಿಡಬೇಕು ಅಂತ ಏಳು ಹೆಜ್ಜೆ ನಡೆದೆ. ಸಿಕ್ಕ ಮೇಲೆ ಕಚ್ಚಲಿಲ್ಲ. ನಿನ್ನ ಫ್ರಾಕಿನಲ್ಲಿ ಮುಖ ಹುದುಗಿಸಿದೆ. ನೀನು ಅಳುತ್ತಿದ್ದೆ, ನಿನ್ನ ಹೊಟ್ಟೆ ಅಲುಗುತ್ತಿತ್ತು, ಅದು ಯಾರಿಗೂ ಗೊತ್ತಾಗಬಾರದೆಂದು ನಾನು ಅಲ್ಲೇ ಒತ್ತಿಕೊಂಡು ನಿಂತಿದ್ದೆ.

ಇಂತಿ,
ನಾನು